ಮುತ್ತಜ್ಜನ ಜಾಡು: ಹೆಸರು ಬಿಡಿ, ಹೊಲ ಹಿಡಿಯಿರಿ

ಸುಗ್ಗಿ ಮುಗಿದು ಕಾಳು ಮನೆ ಸೇರುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಜೊತೆಗೊಂದು ಎತ್ತು, ಕೈಯಲ್ಲಿ ಗಂಟೆ, ಬಟ್ಟೆಯಲ್ಲಿ ಸುತ್ತಿದ ಹಳೆಯ ಹೊತ್ತಿಗೆ. ಒಕ್ಕಲು ಮನೆಯ ಕಟ್ಟೆಯ ಮೇಲೆ ಕೂತು ಹಾಳೆ ತಿರುವಿ ಓದತೊಡಗಿದರೆಂದರೆ ಮನೆಮಂದಿಯೆಲ್ಲ ಸುತ್ತ ನೆರೆಯುತ್ತಾರೆ. ಮೂಲಪುರುಷ ಯಾವ ಊರಿಂದ ಬಂದ, ಅವನಿಗೆ ಗಂಡುಮಕ್ಕಳೆಷ್ಟು, ಯಾವ ಮಗ ಹಳೇ ಮನೆಯಲ್ಲೇ ಉಳಿದ, ಯಾವನು ಬೇರೆ ಊರಿಗೆ ಹೋಗಿ ನೆಲೆ ನಿಂತ ಎಂದು ರಾಗವಾಗಿ ಓದುತ್ತ ತಲೆಮಾರುಗಳನ್ನು ದಾಟುತ್ತಾರೆ. ಕೊನೆಯಲ್ಲಿ, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಹೊತ್ತಿಗೆಗೆ ಸೇರುತ್ತದೆ. ಜೋಳ, ಬಟ್ಟೆಬರೆ, ಒಮ್ಮೊಮ್ಮೆ ಆಕಳೋ ಕರುವೋ ಕಾಣಿಕೆಯಾಗಿ ಸಿಗುತ್ತದೆ. ಎತ್ತು ಮುಂದಿನ ಮನೆಗೆ ಹೊರಡುತ್ತದೆ.

ಹೆಳವರು ಬಾರದ ಮನೆಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಹಿರಿಯರ ನೆನಪಾಗುವುದು ಹೆಚ್ಚಾಗಿ ನಾಡಕಚೇರಿಯ ಕಿಟಕಿಯ ಮುಂದೆ. ಪೌತಿ ಖಾತೆಗೋ ಪಾಲಿಗೋ ವಂಶವೃಕ್ಷ ಬೇಕೆಂದಾಗ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಬರೆಯುವಷ್ಟರಲ್ಲಿ ಪೆನ್ನು ನಿಲ್ಲುತ್ತದೆ. ಅದರಾಚೆಗಿನವರು ಯಾರು, ಏನು ಮಾಡಿಕೊಂಡಿದ್ದರು ಎಂದು ಕೇಳಿದರೆ ‘ಯಾರಿಗೆ ಗೊತ್ತು ಬಿಡಿ’ ಎಂಬ ಉತ್ತರ.

ಗೊತ್ತುಮಾಡಿಕೊಳ್ಳಲು ದಾರಿಗಳಿವೆ. ಹತ್ತೊಂಬತ್ತನೇ ಶತಮಾನದ ಸಾಮಾನ್ಯ ರೈತ ಡೈರಿ ಬರೆಯಲಿಲ್ಲ, ಅವನ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ. ಆದರೆ ಕಂದಾಯ ಕಟ್ಟಿದ, ಸಾಲ ಮಾಡಿದ, ಅಣ್ಣತಮ್ಮಂದಿರಿಂದ ಪಾಲಾದ, ಕೋರ್ಟಿಗೆ ಅಲೆದ, ಬರ ಬಂದಾಗ ಊರು ಬಿಟ್ಟ. ಅವನಿಂದ ಏನಾದರೂ ಬರಬೇಕಾದಾಗಲೆಲ್ಲ ಸರ್ಕಾರ ಅವನ ಹೆಸರು ಬರೆದುಕೊಂಡಿತು. ಆ ಬರಹದ ಬಹುಪಾಲು ನೆಲದ ಸುತ್ತಲೇ ಇದೆ. ಹಾಗಾಗಿ ಮುತ್ತಜ್ಜನ ಜಾಡು ಹಿಡಿಯುವವರು ಮೊದಲು ಹುಡುಕಬೇಕಾದ್ದು ಅವನ ಹೊಲವನ್ನು.

ಎಷ್ಟು ತಲೆಮಾರು ಹಿಂದೆ?

ಮೊದಲು ಸ್ವಲ್ಪ ಲೆಕ್ಕ. ಒಂದು ತಲೆಮಾರಿಗೆ ಸುಮಾರು 25ರಿಂದ 30 ವರ್ಷ ಎಂದಿಟ್ಟುಕೊಳ್ಳಿ. ನೀವು 1985ರಲ್ಲಿ ಹುಟ್ಟಿದವರಾದರೆ ಅಪ್ಪ 1955ರ ಸುಮಾರಿನವರು, ಅಜ್ಜ 1925ರವರು, ಮುತ್ತಜ್ಜ 1895ರವರು. ಮುತ್ತಜ್ಜನ ಅಪ್ಪ 1865ರ ಆಸುಪಾಸು. ಅಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಬಾಳಿ ಬದುಕಿದವರು ನಾವು ಅಂದುಕೊಂಡಷ್ಟು ದೂರದವರಲ್ಲ. ಅವರನ್ನು ಕಣ್ಣಾರೆ ಕಂಡವರನ್ನು ನಿಮ್ಮ ಅಜ್ಜಿ ಕಂಡಿರುತ್ತಾರೆ.

ಈ ಲೆಕ್ಕ ಇನ್ನೊಂದು ಕೆಲಸಕ್ಕೂ ಬರುತ್ತದೆ. ‘ನಮ್ಮ ತಾತನ ತಾತ ಟಿಪ್ಪುವಿನ ದಂಡಿನಲ್ಲಿದ್ದರು’ ಎಂದು ಮನೆಯಲ್ಲಿ ಹೇಳುತ್ತಾರೆ ಎನ್ನಿ. ಟಿಪ್ಪು ಸತ್ತದ್ದು 1799ರಲ್ಲಿ. ಆಗ ಇಪ್ಪತ್ತು ವರ್ಷದ ಸಿಪಾಯಿಯಾಗಿದ್ದವನು 1779ರ ಹೊತ್ತಿಗೆ ಹುಟ್ಟಿರಬೇಕು. 1985ರಲ್ಲಿ ಹುಟ್ಟಿದವರಿಗೂ ಅವನಿಗೂ ನಡುವೆ ಇನ್ನೂರು ವರ್ಷ, ಏಳು ತಲೆಮಾರಿನ ಅಂತರ. ನಾಲ್ಕು ತಲೆಮಾರಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಕಥೆ ಸುಳ್ಳೆಂದೇ ಆಗಬೇಕಿಲ್ಲ. ನಡುವೆ ಮೂರು ಹೆಸರು ಉದುರಿಹೋಗಿವೆ ಎಂದಾದರೂ ತಿಳಿಯುತ್ತದೆ.

ಹೆಸರು ಕೈಕೊಡುತ್ತದೆ

ಇಂಗ್ಲೆಂಡಿನಲ್ಲಿ ವಂಶ ಹುಡುಕುವವರಿಗೆ ಒಂದು ಅನುಕೂಲವಿದೆ. 1841ರಿಂದೀಚಿನ ಜನಗಣತಿಯ ಹಾಳೆಗಳನ್ನು ಅಲ್ಲಿ ಹೆಸರುಗಳ ಸಮೇತ ಕಾಪಿಟ್ಟಿದ್ದಾರೆ. ಮೈಸೂರು ಸಂಸ್ಥಾನದಲ್ಲೂ 1871ರಲ್ಲಿ ಜನಗಣತಿ ನಡೆಯಿತು. ಆದರೆ ನಮ್ಮಲ್ಲಿ ಎಣಿಕೆ ಮುಗಿದು ಮೊತ್ತ ಅಚ್ಚಾದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ. ಜನನ ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಹೀಗಾಗಿ ಹೆಸರಿನ ಪಟ್ಟಿ ಹಿಡಿದು ಹಿಂದಕ್ಕೆ ಹೋಗುವ ದಾರಿ ಇಲ್ಲಿ ಬೇಗ ಮುಚ್ಚಿಕೊಳ್ಳುತ್ತದೆ.

ಹೆಸರಿನದು ಇನ್ನೊಂದು ತಾಪತ್ರಯ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ರೂಢಿ. ಬಸಪ್ಪನ ಮಗ ಚನ್ನಪ್ಪ, ಚನ್ನಪ್ಪನ ಮಗ ಬಸಪ್ಪ, ಮತ್ತವನ ಮಗ ಚನ್ನಪ್ಪ. ನೂರು ವರ್ಷದ ಕಾಗದದಲ್ಲಿ ಎರಡೇ ಹೆಸರು ಸುತ್ತು ಹೊಡೆಯುತ್ತಿರುತ್ತವೆ. ಒಂದೇ ಊರಿನಲ್ಲಿ ನಾಲ್ವರು ಬಸಪ್ಪಂದಿರಿದ್ದರೆ ನಮ್ಮವನು ಯಾರು? ಕರೆಯುವ ಹೆಸರು ಒಂದು, ಜಾತಕದ ಹೆಸರು ಇನ್ನೊಂದು, ಶಾನುಭೋಗ ಬರೆದುಕೊಂಡದ್ದು ಮತ್ತೊಂದು. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ತಲೆಮಾರು ದಾಟಿ ಉಳಿದಿರುವುದರಿಂದ ಈ ತೊಡಕು ಕಡಿಮೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಇವತ್ತಿಗೂ ತಂಡ ಕಟ್ಟುವುದು ಒಕ್ಕದ ಹೆಸರಿನಲ್ಲೇ. ಉಳಿದ ಕಡೆಗಳಲ್ಲಿ ಮನೆತನದ ಅಡ್ಡಹೆಸರೂ ಊರು ಬದಲಾದರೆ ಬದಲಾಗುತ್ತದೆ.

ಸರ್ವೆ ನಂಬರಿನ ಬೆನ್ನು ಹತ್ತಿ

ಹೊಲ ಹಾಗಲ್ಲ, ಇದ್ದಲ್ಲೇ ಇರುತ್ತದೆ. ಈಗ ನಿಮ್ಮ ಮನೆಯಲ್ಲಿರುವ ಪಹಣಿಯನ್ನು ತೆಗೆದು ನೋಡಿ. ಅದರ ಮೇಲಿನ ಸರ್ವೆ ನಂಬರು ಬಹಳ ಕಡೆ ಹತ್ತೊಂಬತ್ತನೇ ಶತಮಾನದ ಮೂಲ ಸರ್ವೆಯಲ್ಲಿ ಬಿದ್ದದ್ದು. 45/2 ಎಂದಿದ್ದರೆ 45 ಹಳೆಯ ನಂಬರು, 2 ಎಂಬುದು ಆಮೇಲಿನ ಪೋಡಿ, ಅಂದರೆ ಹೊಲ ಒಡೆದಾಗ ಬಿದ್ದ ಉಪನಂಬರು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಈ ಅಳತೆ ನಡೆದದ್ದು 1840ರ ದಶಕದಲ್ಲಿ, ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ ಸರ್ವೆ ಇಲಾಖೆ ಶುರುವಾದದ್ದು 1863ರಲ್ಲಿ, ಅದೂ ಮುಂಬೈ ಪದ್ಧತಿಯಲ್ಲೇ. ಅಳತೆಗೆ 33 ಅಡಿ ಉದ್ದದ ಸರಪಳಿ, ಸರಪಳಿಗೆ 16 ಆಣೆ. ಸರಪಳಿ ಉದ್ದ ಸರಪಳಿ ಅಗಲದ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಮಣ್ಣಿನ ಗುಣವನ್ನೂ ಆಣೆಯಲ್ಲೇ ಎಣಿಸಿದರು. ಕಪ್ಪು ಎರೆಭೂಮಿಗೆ ಹೆಚ್ಚು ಆಣೆ, ಕಲ್ಲು ಮರಡಿಗೆ ಕಡಿಮೆ. ಹೀಗೆ ತೀರ್ಮಾನವಾದ ಕಂದಾಯ ಮೂವತ್ತು ವರ್ಷಕ್ಕೆ ನಿಗದಿ. ಅವಧಿ ಮುಗಿದ ಮೇಲೆ ಮತ್ತೆ ಪರಿಷ್ಕರಣೆ, ಮತ್ತೆ ದಾಖಲೆ.

ಇದರಿಂದ ಹೆಸರಷ್ಟೇ ಅಲ್ಲ, ಬಾಳುವೆಯೂ ತಿಳಿಯುತ್ತದೆ. ಮುತ್ತಜ್ಜನ ನಂಬರು ಕೆರೆಯ ಕೆಳಗಿನ ತರಿ ಜಮೀನೇ, ಮಳೆ ನಂಬಿದ ಖುಷ್ಕಿಯೇ, ತೆಂಗು ಅಡಿಕೆಯ ಬಾಗಾಯ್ತೇ ಎಂಬುದು ಅಲ್ಲಿರುತ್ತದೆ. ಖುಷ್ಕಿಯಷ್ಟೇ ಇದ್ದವನ ಮನೆಯಲ್ಲಿ ರಾಗಿ ಮುದ್ದೆಯೋ ಜೋಳದ ರೊಟ್ಟಿಯೋ ನಿತ್ಯದ ಊಟ, ಅನ್ನ ಹಬ್ಬಕ್ಕೆ ಮಾತ್ರ. ಎಷ್ಟು ಎಕರೆಗೆ ಎಷ್ಟು ಕಂದಾಯ ಎಂದು ನೋಡಿದರೆ ಅವನು ಊರಲ್ಲಿ ಯಾವ ಮಟ್ಟದವನು ಎಂದು ಪಕ್ಕದ ನಂಬರಿನವರ ಜೊತೆ ಹೋಲಿಸಿ ಹೇಳಬಹುದು.

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. ಕಂಪ್ಯೂಟರ್ ಪಹಣಿ, ಅದಕ್ಕೂ ಮುಂಚಿನ ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರ್, ಹಳೇ ಮೈಸೂರಿನಲ್ಲಾದರೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳು, ಕೊನೆಗೆ ಸರ್ವೆ ಕಚೇರಿಯ ಅಳತೆಯ ಟಿಪ್ಪಣಿ ಮತ್ತು ವಿಸ್ತೀರ್ಣ, ಕಂದಾಯ ಹೇಳುವ ಆಕಾರಬಂದ್. ಇವೆಲ್ಲ ತಾಲ್ಲೂಕು ಕಚೇರಿಯ ಅಭಿಲೇಖಾಲಯ ಮತ್ತು ಭೂದಾಖಲೆಗಳ ಕಚೇರಿಯಲ್ಲಿ ಸಿಗುವಂಥವು. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಪಡೆಯಬಹುದು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯಿಂದ ಈ ಕೆಲಸ ಈಗ ಸಲೀಸಾಗುತ್ತಿದೆ.

ಬಿನ್, ಕೋಂ, ಚಕ್ಕುಬಂದಿ

ಹಳೆಯ ಕಾಗದ ಓದುವಾಗ ಮೂರು ಕಡೆ ಕಣ್ಣಿಟ್ಟಿರಬೇಕು. ‘ರಂಗೇಗೌಡ ಬಿನ್ ಕೆಂಪೇಗೌಡ’ ಎಂದಿದ್ದರೆ ಕೆಂಪೇಗೌಡನ ಮಗ ರಂಗೇಗೌಡ. ‘ಲಕ್ಷ್ಮಮ್ಮ ಕೋಂ ರಂಗೇಗೌಡ’ ಎಂದಿದ್ದರೆ ಅವನ ಹೆಂಡತಿ. ಒಂದೊಂದು ಬಿನ್ ಒಂದೊಂದು ಮೆಟ್ಟಿಲು. ಮಗನ ಕಾಗದದ ಬಿನ್ ಮತ್ತು ಅಪ್ಪನ ಕಾಗದದ ಹೆಸರು ಒಂದೇ ಸರ್ವೆ ನಂಬರಿನಲ್ಲಿ ಕೂಡಿದರೆ ನಾಲ್ವರು ರಂಗೇಗೌಡರಲ್ಲಿ ನಮ್ಮವನು ಯಾರೆಂಬ ಪ್ರಶ್ನೆ ಬಗೆಹರಿಯುತ್ತದೆ.

ಮೂರನೆಯದು ಚಕ್ಕುಬಂದಿ. ಕ್ರಯಪತ್ರದ ಕೊನೆಯಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇಂಥವರ ಗದ್ದೆ, ದಕ್ಷಿಣಕ್ಕೆ ಗಾಡಿದಾರಿ ಎಂದು ಎಲ್ಲೆ ಹೇಳಿರುತ್ತಾರೆ. ಓದುವವರು ಇದನ್ನು ಹಾರಿಸುವುದೇ ಹೆಚ್ಚು. ಆದರೆ ಪಾಲಾದ ಅಣ್ಣತಮ್ಮಂದಿರ ಹೊಲಗಳು ಒತ್ತೊತ್ತಾಗಿಯೇ ಇರುತ್ತವೆ. ಪೂರ್ವದ ಹೊಲದವನ ಬಿನ್ ಮತ್ತು ನಮ್ಮವನ ಬಿನ್ ಒಂದೇ ಆಗಿದ್ದರೆ ಅವನು ದಾಯಾದಿ. ಮನೆಯವರಾರೂ ಹೆಸರು ಹೇಳದಿದ್ದ ಒಬ್ಬ ಚಿಕ್ಕಜ್ಜ ಹೀಗೆ ಎಲ್ಲೆಯ ಸಾಲಿನಲ್ಲಿ ಸಿಕ್ಕಿಬಿಡುತ್ತಾನೆ. ಅವನ ಮೊಮ್ಮಕ್ಕಳ ಮನೆಯ ಟ್ರಂಕಿನಲ್ಲಿ ನಮ್ಮಲ್ಲಿಲ್ಲದ ಕಾಗದ ಇರಲೂಬಹುದು.

ಪಾಲುಪಾರಿಕತ್ತು, ಭೋಗ್ಯಪತ್ರ, ದಾನಪತ್ರ, ದತ್ತಕಪತ್ರ, ಇವೆಲ್ಲ ಇದೇ ಬಗೆಯಲ್ಲಿ ಮಾತಾಡುತ್ತವೆ. ಬ್ರಿಟಿಷ್ ಪ್ರಾಂತ್ಯಗಳಲ್ಲಿ ದಸ್ತಾವೇಜು ನೋಂದಣಿಯ ಕಾಯ್ದೆ 1864ರಲ್ಲಿ ಬಂತು. ಅಲ್ಲಿಂದೀಚಿನ ಕಾಗದ ಮನೆಯಲ್ಲಿ ಕಳೆದಿದ್ದರೂ ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಪ್ರತಿ ಉಳಿದಿರುವ ಸಂಭವ ಉಂಟು. ಇನಾಮು ಜಮೀನಿನವರಿಗೆ ಇನ್ನೊಂದು ಗಣಿ ಇದೆ. ಮುಂಬೈ ಪ್ರಾಂತ್ಯದಲ್ಲಿ 1852ರ ಕಾಯ್ದೆಯಡಿ, ಮೈಸೂರಿನಲ್ಲಿ 1860ರ ದಶಕದಲ್ಲಿ ಇನಾಮು ತನಿಖೆ ನಡೆಯಿತು. ಇನಾಮು ಮೊದಲು ಯಾರಿಗೆ ಸಿಕ್ಕಿತು, ಅವರಿಂದ ನಿಮ್ಮವರೆಗೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಉತ್ತರವಾಗಿ ಜನ ತಮ್ಮ ವಂಶಾವಳಿಯನ್ನೇ ಬರೆಸಿದರು.

ಕಾಗದ ಯಾವ ಊರಲ್ಲಿದೆ?

ಇಂದಿನ ಕರ್ನಾಟಕ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಮುತ್ತಜ್ಜ ಯಾರ ಪ್ರಜೆ ಎಂಬುದರ ಮೇಲೆ ಅವನ ಕಾಗದ ಎಲ್ಲಿದೆ ಎಂಬುದು ನಿಂತಿದೆ. ಧಾರವಾಡ, ಬೆಳಗಾವಿ, ವಿಜಯಪುರದವರ ಮೇಲ್ಮಟ್ಟದ ಕಡತಗಳು ಮುಂಬೈಯ ಪತ್ರಾಗಾರದಲ್ಲಿವೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಚೆನ್ನೈಯ ಎಗ್ಮೋರಿನ ಪತ್ರಾಗಾರದ ಕಡೆ ನೋಡಬೇಕು. ಕಲಬುರಗಿ, ರಾಯಚೂರು, ಬೀದರದವರಿಗೆ ಹೈದರಾಬಾದು. ಹಳೇ ಮೈಸೂರಿನವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ.

ಇದರೊಳಗೂ ತಿರುವುಗಳಿವೆ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬೈಗೆ ಸೇರಿತು. ಹಾಗಾಗಿ ಶಿರಸಿಯ ಅಜ್ಜನ ಅರ್ಧ ಆಯಸ್ಸು ಚೆನ್ನೈಯಲ್ಲಿ, ಇನ್ನರ್ಧ ಮುಂಬೈಯಲ್ಲಿ ಇರಬಹುದು. ಈಗಿನ ವಿಜಯಪುರ ಜಿಲ್ಲೆಗೆ 1885ರವರೆಗೆ ಕಲಾದಗಿಯೇ ಮುಖ್ಯ ಪಟ್ಟಣ, ಜಿಲ್ಲೆಯ ಹೆಸರೂ ಅದೇ. ‘ಬಿಜಾಪುರ’ ಎಂದು ಹುಡುಕಿದರೆ ಹಳೆಯ ಕಡತ ಸಿಗುವುದಿಲ್ಲ.

ಲಿಪಿಯೂ ಸೀಮೆಗೊಂದು ಥರ. ಮುಂಬೈ ಕರ್ನಾಟಕದ ಕಾಗದಗಳಲ್ಲಿ ಮೋಡಿ, ನಿಜಾಮರ ಸೀಮೆಯಲ್ಲಿ ಪಾರ್ಸಿ ಮತ್ತು ಉರ್ದು, ಕರಾವಳಿಯ ಕೆಲವು ಮನೆಗಳ ಓಲೆಗರಿಗಳಲ್ಲಿ ತಿಗಳಾರಿ. ಹಳೇ ಮೈಸೂರಿನಲ್ಲಿ ಕಾಗದ ಬರುವ ಮುಂಚೆ ಲೆಕ್ಕ ಬರೆಯುತ್ತಿದ್ದದ್ದು ಕಡತವೆಂಬ ಬಟ್ಟೆಯ ಹೊತ್ತಿಗೆಯಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಹಾಳೆಯ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಅಟ್ಟದ ಮೇಲಿನ ಕಪ್ಪು ಬಟ್ಟೆಯ ಕಟ್ಟನ್ನು ಹಳೇ ಚಿಂದಿ ಎಂದು ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಶಾನುಭೋಗಿಕೆ, ಕುಲಕರ್ಣಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಊರಿನ ಲೆಕ್ಕಪತ್ರ ಅವರ ಮನೆಯಲ್ಲೇ ಇರುತ್ತಿತ್ತು. ಆ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿದಾಗ ಎಲ್ಲವೂ ಕಚೇರಿ ಸೇರಲಿಲ್ಲ.

ಶಕ, ಸಂವತ್ಸರ, ಫಸಲಿ

ಕಾಗದ ಸಿಕ್ಕಿತು, ತಾರೀಖು? ಅಲ್ಲಿ ಇಸವಿ ಇರುವುದಿಲ್ಲ. ಶಾಲಿವಾಹನ ಶಕ ಇದ್ದರೆ 78 ಕೂಡಿಸಿ. ಶಕ 1798 ಎಂದರೆ 1876. ಆದರೆ ವರ್ಷ ಶುರುವಾಗುವುದು ಯುಗಾದಿಗೆ, ಹಾಗಾಗಿ ಮಾಘ, ಫಾಲ್ಗುಣದ ಕಾಗದಕ್ಕೆ 79 ಕೂಡಿಸಬೇಕು. ಕಂದಾಯದ ಕಾಗದದಲ್ಲಿ ಫಸಲಿ ಇದ್ದರೆ 590 ಕೂಡಿಸಿ. ಫಸಲಿ 1286 ಎಂದರೆ 1876ರಲ್ಲಿ ಶುರುವಾದ ಕಂದಾಯ ವರ್ಷ.

ಬರೀ ಸಂವತ್ಸರದ ಹೆಸರಿದ್ದರೆ ಎಚ್ಚರ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಧಾತು ಸಂವತ್ಸರ 1816ರಲ್ಲೂ ಬಂತು, 1876ರಲ್ಲೂ, 1936ರಲ್ಲೂ. ಯಾವ ಧಾತು ಎಂದು ತೀರ್ಮಾನಿಸಲು ತಲೆಮಾರಿನ ಲೆಕ್ಕವೇ ಬೇಕು. ಹಳೆಯ ಜಾತಕವಿದ್ದರೆ ಅದೃಷ್ಟ. ಸಂವತ್ಸರ, ಮಾಸ, ತಿಥಿ, ವಾರ, ನಕ್ಷತ್ರ ಐದೂ ಕೂಡಿಬಂದರೆ ದಿನವನ್ನೇ ಹೇಳಬಹುದು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರು ಇದಕ್ಕೆಂದೇ ಸಿದ್ಧಪಡಿಸಿದ ಪಂಚಾಂಗ ಕೋಷ್ಟಕಗಳನ್ನು ಶಾಸನತಜ್ಞರು ಇಂದಿಗೂ ಬಳಸುತ್ತಾರೆ.

ಮನೆಮಾತಿನಲ್ಲೂ ತಾರೀಖು ಅಡಗಿರುತ್ತದೆ. ‘ಪ್ಲೇಗಮ್ಮ ಬಂದಾಗ ಊರಾಚೆ ಗುಡಿಸಲು ಹಾಕಿಕೊಂಡಿದ್ದರಂತೆ’ ಎಂದರೆ ಅದು 1898 ಅಥವಾ ಅದರ ಈಚೆಗೆ, ಬೆಂಗಳೂರಿಗೆ ಪ್ಲೇಗು ಬಂದದ್ದೇ ಆ ವರ್ಷ. ‘ಬೆಂಗಳೂರಿಗೆ ರೈಲು ಬಂದಾಗ ಅಜ್ಜ ಎಳೆ ಹುಡುಗ’ ಎಂದರೆ 1864.

ಧಾತು ಈಶ್ವರದ ಬರ

ಹತ್ತೊಂಬತ್ತನೇ ಶತಮಾನದ ಯಾವ ಮನೆತನದ ಕಥೆಯೂ ದಾಟಲೇಬೇಕಾದ ಹೊಳೆಯೆಂದರೆ 1876ರಿಂದ 1878ರ ಬರ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದದ್ದು ಇದನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಸಂಖ್ಯೆ ಆರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದಿತ್ತು.

ಕಂದಾಯದ ಪುಸ್ತಕದಲ್ಲಿ ಈ ಬರ ಹೇಗೆ ಕಾಣುತ್ತದೆ? ಮುಂಬೈ ಪದ್ಧತಿಯಲ್ಲಿ ಹೊಲ ಬಿಡುವವನು ರಾಜೀನಾಮೆ ಬರೆದುಕೊಡಬೇಕು, ಹಿಡಿಯುವವನು ಕಬೂಲಾಯತಿ ಕೊಡಬೇಕು. ಬರದ ವರ್ಷಗಳ ಆಸುಪಾಸಿನಲ್ಲಿ ಒಂದು ನಂಬರಿಗೆ ಹೊಸ ಹೆಸರು ಬಂದಿದ್ದರೆ, ಹಳೆಯ ಹೆಸರಿನವರ ಸುದ್ದಿಯೇ ನಿಂತಿದ್ದರೆ ಅದರ ಅರ್ಥ ಊಹಿಸಲು ಕಷ್ಟವಿಲ್ಲ. ‘ನಾವು ಮೂಲತಃ ಈ ಊರಿನವರಲ್ಲ’ ಎನ್ನುವ ಮನೆಗಳು ಹಳ್ಳಿಹಳ್ಳಿಯಲ್ಲಿವೆ. ವಲಸೆ ಬಂದ ಕಾಲ ಗೊತ್ತಿಲ್ಲದಿದ್ದರೆ ಮೊದಲು ತಾಳೆ ನೋಡಬೇಕಾದ್ದು ಈ ವರ್ಷಗಳನ್ನು.

ಹೊಲವೇ ಇಲ್ಲದವರು

ನೆಲದ ಕಾಗದವನ್ನೇ ನಂಬಿದರೆ ನೆಲವಿಲ್ಲದವರು ಚರಿತ್ರೆಯಿಂದ ಹೊರಗೆ ಉಳಿಯುತ್ತಾರೆ. ಅವರನ್ನು ಬೇರೆ ಕಡೆ ಹುಡುಕಬೇಕು.

ಊರ ಚಾಕರಿಯ ತೋಟಿ, ತಳವಾರ, ನೀರಗಂಟಿಗಳಿಗೆ ಸೇವಾ ಇನಾಮಿನ ಚೂರು ನೆಲ ಇರುತ್ತಿತ್ತು. ಎಷ್ಟೋ ದಲಿತ ಮನೆತನಗಳ ಹಿರಿಯರ ಹೆಸರು ಆ ಪಟ್ಟಿಗಳಲ್ಲಿದೆ. ಗೇಣಿದಾರರ ಮನೆಯವರು 1974ರ ಭೂಸುಧಾರಣೆಯ ನಮೂನೆ 7ರ ಅರ್ಜಿಯಿಂದ ಶುರುಮಾಡಬಹುದು. ಎಷ್ಟು ಕಾಲದಿಂದ ಗೇಣಿ ಮಾಡುತ್ತಿದ್ದೇವೆ ಎಂದು ಭೂನ್ಯಾಯಮಂಡಳಿಯ ಮುಂದೆ ಹೇಳಿದ ಮಾತು, ಒಡ್ಡಿದ ಗೇಣಿಚೀಟಿ ಆ ಕಡತದಲ್ಲಿರುತ್ತದೆ. ಅಲ್ಲಿಂದ ಹಿಂದಕ್ಕೆ ಒಡೆಯರ, ಮಠದ, ದೇವಸ್ಥಾನದ ಲೆಕ್ಕಪುಸ್ತಕ.

ಕ್ರೈಸ್ತ ಮನೆಗಳಿಗೆ ಚರ್ಚಿನ ಪುಸ್ತಕಗಳಿವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂತು. ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆಯನ್ನು ಅಚ್ಚುಕಟ್ಟಾಗಿ ಇಟ್ಟಿತು. ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ನೇಯ್ಗೆ ಕಲಿತವರು ಹೀಗೆ ಕಾಗದಕ್ಕೆ ಬಂದರು. ಮಿಷನ್ನಿನ ಪತ್ರಾಗಾರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ, ಹಳೆಯ ಫೋಟೊಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಮುಸ್ಲಿಂ ಮನೆಗಳಲ್ಲಿ ಶಜರಾ ಎಂಬ ವಂಶಾವಳಿ, ಖಾಜಿಗಳ ನಿಕಾಹ್ ಪುಸ್ತಕ, ದರ್ಗಾ ಇನಾಮಿನ ಕಾಗದ ಸಿಗುತ್ತವೆ.

ಅತ್ಯಂತ ವಿವರವಾದ ದಾಖಲೆ ಸಿಗುವುದು ಸಮುದ್ರ ದಾಟಿದ ಕೂಲಿಗಳದ್ದು. ದಕ್ಷಿಣ ಆಫ್ರಿಕದ ನಟಾಲಿಗೆ 1860ರಿಂದ 1911ರವರೆಗೆ 1,52,184 ಮಂದಿ ಕರಾರಿನ ಮೇಲೆ ಹೋದರು. ಮದ್ರಾಸ್ ಬಂದರಿನಿಂದ ಹೊರಟವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಹಡಗಿನ ಪಟ್ಟಿಯ ಒಂದು ಸಾಲಿನಲ್ಲಿ ನಂಬರು, ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಮಚ್ಚೆ ಅಥವಾ ಗಾಯದ ಗುರುತು ಇಷ್ಟಕ್ಕೂ ಜಾಗವಿದೆ. ಊರಿನ ಗೌಡನ ಎತ್ತರ ಎಷ್ಟೆಂದು ಯಾವ ಕಾಗದವೂ ಹೇಳುವುದಿಲ್ಲ. ತಪ್ಪಿಸಿಕೊಂಡರೆ ಹಿಡಿಯಬೇಕಾದ ಕೂಲಿಯದ್ದನ್ನು ಬರೆದಿಟ್ಟರು. ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಅಲ್ಲಿಗೆ ಹೋದವರ ದಾಖಲೆಗಳಿವೆ, ಕೆಲವರ ಫೋಟೊ ಕೂಡ.

ಅಜ್ಜಿಯರ ದಾರಿ

ಹೆಂಗಸರ ಹೆಸರು ಕಂದಾಯದ ಪುಸ್ತಕಕ್ಕೆ ಬರುವುದು ಬಹುಮಟ್ಟಿಗೆ ಗಂಡ ಸತ್ತ ಮೇಲೆ. ಕೋಂ ಎಂಬ ಸಾಲು ಕಂಡಲ್ಲಿ ನಿಂತು ನೋಡಬೇಕು. ಮಕ್ಕಳು ಚಿಕ್ಕವರಿದ್ದಾಗ ವಿಧವೆಯೊಬ್ಬಳು ಖಾತೆ ನಡೆಸಿದ ಕಥೆ ಅಲ್ಲಿರುತ್ತದೆ. ಮಕ್ಕಳಿಲ್ಲದಿದ್ದರೆ ದತ್ತಕಪತ್ರ, ದಾಯಾದಿಗಳು ತಕರಾರು ತೆಗೆದಿದ್ದರೆ ಕೋರ್ಟಿನ ಕಡತ.

ಶ್ರಾದ್ಧ ಮಾಡುವ ಮನೆಗಳಲ್ಲಿ ಇನ್ನೊಂದು ದಾರಿ ಉಂಟು. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜನ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಬೇಕು. ತಾಯಿಯ ಕಡೆಯವರದ್ದೂ ಬರುತ್ತದೆ. ಪುರೋಹಿತರು ಮರೆಯದಂತೆ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಆ ಚೀಟಿಯೇ ನೂರು ವರ್ಷದ ದಾಖಲೆ.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಂತೂ ವಂಶಾವಳಿ ನಡೆಯುವುದೇ ಹೆಣ್ಣಿನ ಮೇಲೆ. ಯಜಮಾನನ ಆಸ್ತಿ ಅವನ ಸೋದರಿಯ ಮಕ್ಕಳ ಕಡೆಗೆ ಸಾಗುತ್ತಿದ್ದುದರಿಂದ ಯಾವ ಅಕ್ಕ, ಯಾವ ತಂಗಿ ಎಂಬುದೇ ಮುಖ್ಯವಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರು, ಅಂದರೆ ಹೆಣ್ಣಿನ ಕವಲು, ಒಂದೊಂದಾಗಿ ಪಾಲು ಕೇಳಿ ದಾವೆಗಳು ಬಿದ್ದವು. ಆ ದಾವೆಗಳಿಗೆ ಲಗತ್ತಿಸಿದ ವಂಶವೃಕ್ಷಗಳಲ್ಲಿ ಹತ್ತೊಂಬತ್ತನೇ ಶತಮಾನದ ಅಜ್ಜಿಯರು ತಮ್ಮ ಹೆಸರಿನಲ್ಲೇ ನಿಂತಿದ್ದಾರೆ.

ಕಾಶಿ, ಗಯಾ, ಹರಿದ್ವಾರಕ್ಕೆ ಹೋಗಿಬಂದ ಮನೆಯವರು ಅಲ್ಲಿನ ಪಂಡಾಗಳ, ಅಂದರೆ ತೀರ್ಥಪುರೋಹಿತರ, ವಹಿಯನ್ನೂ ನೋಡಬೇಕು. ಯಾತ್ರಿಕರು ಊರಿನ ಪ್ರಕಾರ ತಮ್ಮ ಪಂಡಾನನ್ನು ಹುಡುಕಿ, ಹಿಂದೆ ಬಂದ ಹಿರಿಯರ ಹೆಸರಿನ ಕೆಳಗೆ ತಮ್ಮದನ್ನು ಬರೆಸುತ್ತಾರೆ. ಅಜ್ಜ ಹೋಗಿದ್ದರೆ ಅವರ ರುಜು ಸಿಗಬಹುದು. ಹರಿದ್ವಾರದ ಎಷ್ಟೋ ವಹಿಗಳು ಮೈಕ್ರೊಫಿಲ್ಮ್ ಆಗಿವೆ.

ಸಿಕ್ಕಿದ್ದೆಲ್ಲ ಹೆಮ್ಮೆಯದಲ್ಲ

ಋಷಿಮೂಲ, ನದಿಮೂಲ ಹುಡುಕಬಾರದು ಎಂಬ ಗಾದೆ ಈ ಕೆಲಸಕ್ಕೆ ಕೈಹಾಕಿದವರಿಗೆ ಆಗಾಗ ಕೇಳಿಬರುತ್ತದೆ. ಅದರಲ್ಲಿ ಸ್ವಲ್ಪ ನಿಜವಿದೆ. ದಿವಾನರ ವಂಶ ಎಂದು ನಂಬಿದವರಿಗೆ ಎರಡೆಕರೆ ಖುಷ್ಕಿಯ ಸಾಲಗಾರ ಸಿಗುತ್ತಾನೆ. ಒಂದು ಮನೆಮಾತನ್ನು ನಿಜವೆಂದು ಬರೆದಿಡುವ ಮುಂಚೆ ಕಾಗದ, ಕಾಲದ ಲೆಕ್ಕ, ಬೇರೆ ಕವಲಿನ ಮನೆಯವರ ಮಾತು ಮೂರನ್ನೂ ತಾಳೆ ನೋಡುವುದು ಕ್ಷೇಮ. ತಾಳೆಯಾಗದ್ದನ್ನು ‘ಹೇಳಿಕೆ’ ಎಂದೇ ಗುರುತು ಹಾಕಿ ಇಡಬೇಕು. ಮುಂದಿನವರು ಅದನ್ನು ಸತ್ಯವೆಂದು ಎತ್ತಿಕೊಳ್ಳುವುದು ತಪ್ಪುತ್ತದೆ.

ಇನ್ನೊಂದು ಬಗೆಯ ಕಾಗದವೂ ಟ್ರಂಕಿನಲ್ಲಿರಬಹುದು. ಸಾಲಕ್ಕೆ ಪ್ರತಿಯಾಗಿ ಒಬ್ಬ ಮನುಷ್ಯ ಇಷ್ಟು ವರ್ಷ ದುಡಿಯುತ್ತೇನೆಂದು ಹೆಬ್ಬೆಟ್ಟು ಒತ್ತಿದ ಜೀತದ ಕರಾರು, ಕರಾವಳಿಯಲ್ಲಿ ಒಡೆಯನ ನೆಲಕ್ಕೆ ಕಟ್ಟುಬಿದ್ದ ಮೂಲದಾಳುಗಳ ಲೆಕ್ಕ. ಮನೆತನದ ಮರ್ಯಾದೆಗೆ ಕುಂದೆಂದು ಅದನ್ನು ಹರಿದು ಹಾಕಿದವರಿದ್ದಾರೆ. ಆದರೆ ಹೆಬ್ಬೆಟ್ಟು ಒತ್ತಿದವನಿಗೂ ಮೊಮ್ಮಕ್ಕಳಿದ್ದಾರೆ. ಅವನ ಹೆಸರು, ಅಪ್ಪನ ಹೆಸರು, ಊರು, ವರ್ಷ ಇರುವ ಜಗತ್ತಿನ ಒಂದೇ ಕಾಗದ ಒಡೆಯನ ಮನೆಯ ಆ ಚೀಟಿ ಆಗಿರಬಹುದು. ಅದನ್ನು ಉಳಿಸುವುದು, ಅವರ ಮನೆಯವರು ಕೇಳಿದರೆ ಪ್ರತಿ ಕೊಡುವುದು, ಇಟ್ಟುಕೊಂಡವರು ಮಾಡಬಹುದಾದ ಕನಿಷ್ಠ ಕೆಲಸ.

ಮೊದಲ ಪ್ರಶ್ನೆ

ಕಚೇರಿಗೆ ಹೋಗುವ ಮುಂಚೆ ಮನೆಯ ಹಿರಿಯರ ಹತ್ತಿರ ಕೂರಬೇಕು. ‘ನಿಮ್ಮ ಅಜ್ಜನ ಅಪ್ಪನ ಹೆಸರೇನು’ ಎಂದು ಕೇಳಿದರೆ ಅವರು ತಡವರಿಸುತ್ತಾರೆ. ‘ಆಗ ಯಾವ ಯಾವ ಹೊಲ ಇತ್ತು’ ಎಂದು ಕೇಳಿ ನೋಡಿ. ಹುಣಸೆಮರದ ಹೊಲ, ಕೆರೆ ಹಿಂದಲ ಗದ್ದೆ, ಮಠದ ಮಗ್ಗುಲ ಹಿತ್ತಿಲು ಎಂದು ಶುರುವಾಗುತ್ತದೆ. ಯಾವುದನ್ನು ಯಾವಾಗ ಮಾರಿದರು, ಯಾರ ಸಾಲಕ್ಕೆ ಹೋಯಿತು, ಯಾರ ಮದುವೆಗೆ ಕೊಟ್ಟರು ಎಂದು ಮಾತು ಬೆಳೆಯುತ್ತದೆ. ಹೊಲದ ಜೊತೆಗೆ ಹೆಸರುಗಳೂ ಒಂದೊಂದಾಗಿ ಬರುತ್ತವೆ.

ಆ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಟ್ರಂಕಿನ ಕಾಗದಗಳ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಸರ್ವೆ ನಂಬರು ಬರೆದುಕೊಳ್ಳಿ. ಸರ್ಕಾರ ಸ್ಕ್ಯಾನ್ ಮಾಡುತ್ತಿರುವುದು ತನ್ನ ಕಡತಗಳನ್ನು ಮಾತ್ರ. ಮನೆಯ ಟ್ರಂಕಿನದ್ದನ್ನು ಮನೆಯವರೇ ಮಾಡಬೇಕು, ತಾಲ್ಲೂಕು ಕಚೇರಿಯ ಅರ್ಜಿ ಆಮೇಲೆ ಬರೆದರೂ ಆದೀತು.